ಒಣ ಪ್ಲಮ್ಮಿನ ಲೆಕ್ಕ

ಎಪ್ಪತ್ತೊಂದರ ಚಳಿಗಾಲ. ಭಾವ ಎಸ್ಕಿಲ್
ರಕ್ತ ಕಾರಿ ದೋಣಿಯ ಹಲಗೆಯ ಮೇಲೆ ಮುದುಡಿದ್ದ.
ವೀಬೊರಿನ ಆಸ್ಪತ್ರೆಯಲ್ಲಿ ಹೊಟ್ಟೆ ಬಿಚ್ಚಿ
ಹುಣ್ಣಿನ ಮೇಲೆ ಹುಳಿ ಸುರಿಸುವ ನರವನ್ನೇ ಕತ್ತರಿಸಿ
ಹೊಲಿದು ಮನೆಗೆ ಕಳಿಸಿದರು.
ತಲೆಯಿಂದ ಇಳಿದು, ಕೊರಳು ದಾಟಿ,
ಎದೆಗೂಡಿನ ಹಿಂದೆ ನುಸುಳಿ
ಕರುಳಿನವರೆಗೂ ಹೋಗುತ್ತದಂತೆ ಅದು,
ಲಂಗರಿನ ಹಗ್ಗದ ಹಾಗೆ.

ನನ್ನ ಗಂಡ ಲೌಸ್ಟ್ ಬಂದರಿನ ತುಂಬ ಹೇಳಿಕೊಂಡು ನಕ್ಕ:
"ಅಣ್ಣನ ಹಗ್ಗ ಕಡಿದರು!
ಇನ್ನವನ ತಲೆ ಒಂದು ದಡ, ಹೊಟ್ಟೆ ಒಂದು ದಡ."
ಎಸ್ಕಿಲ್ ನಗಲಿಲ್ಲ. ಅಂದಿನಿಂದ ಇಂದಿನವರೆಗೂ
ನಾಲ್ಕು ತುತ್ತು ಉಂಡರೆ ಬೆವರಿ
ಬೆಂಚಿನ ಮೇಲೆ ಅಂಗಾತ ಮಲಗಬೇಕು ಅವನು.
ಅಪ್ಪನ ದೋಣಿ ತಮ್ಮನ ಹೆಸರಿಗೆ ಬಂದದ್ದು ಆಗಲೇ.
ಮಾತು ನಿಂತದ್ದೂ ಆಗಲೇ.

ಮನೆಯ ಲೆಕ್ಕದ ಪುಸ್ತಕ ಇಟ್ಟವಳು ನಾನು.
ಎಂಬತ್ತೊಂಬತ್ತು: ಒಣ ಪ್ಲಮ್, ಅರ್ಧ ಕಿಲೋ.
ತೊಂಬತ್ತೆರಡು: ಒಣ ಪ್ಲಮ್, ಒಂದು ಕಿಲೋ. ಅಗಸೆ ಬೀಜ.
ಮೀನುಗಾರನ ಮಲಬದ್ಧತೆ ಯಾರಿಗೆ ಸುದ್ದಿ?
ರೈ ರೊಟ್ಟಿ ತಿನ್ನು, ನೀರು ಕುಡಿ, ನಡೆ ಅಂದೆ.

ಆಮೇಲೊಮ್ಮೆ ಹೊಗೆಮನೆಯಲ್ಲಿ
ಮೀನೆಲ್ಲ ಸುಟ್ಟು ಕರಿಕಾದರೂ
ಬಾಗಿಲಲ್ಲೇ ಕೂತವನ ಮೂಗಿಗೆ ತಿಳಿಯಲಿಲ್ಲ. ಬೈದೆ.
ನಿದ್ದೆಯಲ್ಲಿ ಯಾವುದೋ ಅಲೆಯೊಡನೆ ಗುದ್ದಾಡಿ
ನನ್ನ ಭುಜ ನೀಲಿಗಟ್ಟಿಸಿದ. ಬೆಳಿಗ್ಗೆ ನೋಡಿ ಅತ್ತ.
ಅಕ್ಷರಗಳು ಕುಗ್ಗಿ ಇರುವೆಗಳಾದವು.
ಕಟ್ಟಕಡೆಗೆ, ಎಡಗೈಯ ಹೆಬ್ಬೆರಳು
ಕಾಣದ ನಾಣ್ಯಗಳನ್ನು ಎಣಿಸತೊಡಗಿತು.

ಓರ್ಹುಸಿನ ಡಾಕ್ಟರಮ್ಮ ಚಿಕ್ಕವಳು,
ನಡುಗುವ ಕೈಯನ್ನು ಬಿಟ್ಟು ಹೊಟ್ಟೆಯ ವಿಷಯ ಕೇಳಿದಳು.
ನಾನು ಚೀಲದಿಂದ ಪುಸ್ತಕ ತೆಗೆದೆ.
ಪ್ಲಮ್ಮಿನಿಂದ ಪ್ಲಮ್ಮಿಗೆ ಬೆರಳಿಟ್ಟು ಇಳಿದಳು,
ಬಹಳ ಹೊತ್ತು.
"ಕೆಲವರಲ್ಲಿ ಇದು ಕರುಳಿನಲ್ಲೇ ಮೊಳೆತು
ಆ ನರ ಹಿಡಿದು ಮೆಲ್ಲಗೆ ಮೇಲೆ ಹತ್ತುತ್ತದೆಂದು ಗುಮಾನಿ.
ನರ ಕಡಿದವರಲ್ಲಿ ಕೊಂಚ ಕಡಿಮೆ ಕಂಡಂತಿದೆ.
ಆಣೆ ಇಟ್ಟು ಹೇಳಲಾರೆ."
"ಹಾಗಾದರೆ ಅಣ್ಣನಿಗೆ ಬರುವುದಿಲ್ಲವೆ?" ಲೌಸ್ಟ್ ಕೇಳಿದ.
"ಬರಲೂಬಹುದು.
ಒಬ್ಬ ಮನುಷ್ಯನಿಂದ ಲೆಕ್ಕ ಆಗುವುದಿಲ್ಲ."

ಬಸ್ಸಿನಲ್ಲಿ ಥೈಬೊರಾನ್ ಮುಟ್ಟುವವರೆಗೂ ಇವನು ಬಾಯಿ ಬಿಡಲಿಲ್ಲ.
ನನಗೆ ಗೊತ್ತಾಯಿತು:
ಅಂದು ಅಣ್ಣನ ಹೊಟ್ಟೆಯಲ್ಲಿ ಆರಿಸಿದ ಕಿಚ್ಚು
ಇಂದು ತಮ್ಮನ ಹೊಟ್ಟೆಯಲ್ಲಿ ಉರಿಯುತ್ತಿದೆ.

ನವೆಂಬರಿನಲ್ಲಿ ಎಸ್ಕಿಲ್ ಕರೆಯದೆ ಬಂದ.
ಎಂಬತ್ತೊಂದು ವರ್ಷ.
ಟೋಪಿ ತೆಗೆಯದೆ ಕುಳಿತು, ಮೂಲೆಯ ಹರಿದ ಬಲೆ ಎಳೆದುಕೊಂಡು
ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದ.
ಲೌಸ್ಟ್ ಕಿಟಕಿ ನೋಡಿದ.
ನಾನು ಒಲೆ ನೋಡಿದೆ.
ಆಗ ಅವನು ಸೂಜಿ ಕೆಳಗಿಟ್ಟ.
ತಮ್ಮನ ಅಂಗಿಯ ಗುಂಡಿ ತಪ್ಪಿತ್ತು. ಬಿಚ್ಚಿ, ಮತ್ತೆ ಹಾಕಿದ.

ಸೂಪನ್ನು ತಮ್ಮನಿಗೆ ತಾನೇ ಕುಡಿಸಿದ, ಚೆಲ್ಲದೆ.
ತಾನು ನಾಲ್ಕು ಚಮಚ ಕುಡಿದು, ಬೆವರೊರೆಸಿಕೊಂಡು
ಬೆಂಚಿನ ಮೇಲೆ ಅಂಗಾತ ಮಲಗಿದ.
ಲೌಸ್ಟ್ ಕುರ್ಚಿಯನ್ನು ಸರಿಸಿ ಸರಿಸಿ ಹತ್ತಿರ ಬಂದು
ಎಣಿಸುವ ಆ ಕೈಯನ್ನು ತೆಗೆದು
ಅಣ್ಣನ ಹೊಟ್ಟೆಯ ಮೇಲೆ ಇಟ್ಟ,
ಅಂಗಿಯ ಕೆಳಗೆ ಹಳೆಯ ಹೊಲಿಗೆ ಇರುವಲ್ಲಿ.
ಕೈ ನಿಲ್ಲಲಿಲ್ಲ. ಹೊಟ್ಟೆಯೂ ಅದರ ಜೊತೆ ಅಲುಗಿತು.

ಯಾವ ತಪ್ಪನ್ನು ಯಾರು ಹೊಟ್ಟೆಗೆ ಹಾಕಿಕೊಂಡರೋ
ನಾನು ಕೇಳಲಿಲ್ಲ.
ಪುಸ್ತಕ ತೆರೆದು ಬರೆದೆ:
ಒಣ ಪ್ಲಮ್, ಒಂದು ಕಿಲೋ.
ಮೀನು, ಮೂವರಿಗೆ.